ಕೌದಿಯ ನ್ಯಾಯ, ಕಂಪ್ಯೂಟರಿಗೂ

ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿ, ಕಿತ್ತೂರು ಸೀಮೆಯಲ್ಲಿ ಹರಿದ ಸೀರೆ, ಧೋತರಗಳ ತುಂಡು ಕೂಡಿಸಿ ಕೌದಿ ಹೊಲಿಯುವುದು ಹಳೆಯ ರೂಢಿ. ಅಟ್ಟ ಸೇರಿದ ಕಂಪ್ಯೂಟರಿಗೂ ಇದೇ ನ್ಯಾಯ ಸಲ್ಲುತ್ತದೆ. ಯಂತ್ರ ಕೆಟ್ಟಿತೆಂದರೆ ಅದರ ಭಾಗಗಳೆಲ್ಲ ಕೆಟ್ಟವೆಂದಲ್ಲ.

ಸುಸ್ಥಿತಿಯ ಹಾರ್ಡ್ ಡಿಸ್ಕಿಗೆ ಯುಎಸ್‌ಬಿ ಕವಚ ತೊಡಿಸಿದರೆ ಮನೆಯ ಫೋಟೋ, ಕಾಗದಪತ್ರಗಳ ಪ್ರತಿ ಇಡಲು ಬರುತ್ತದೆ. ಕೆಟ್ಟ ಡಿಸ್ಕಿನೊಳಗಿನ ನಿಯೋಡಿಮಿಯಂ ಅಯಸ್ಕಾಂತ ಪ್ರೌಢಶಾಲೆಯ ವಿಜ್ಞಾನ ಪಾಠಕ್ಕೆ ಒದಗುತ್ತದೆ. 12 ವೋಲ್ಟಿನ ಫ್ಯಾನು ಅಷ್ಟೇ ವೋಲ್ಟಿನ ಬ್ಯಾಟರಿಯ ಮೇಲೆ ತಿರುಗುತ್ತದೆ.

ಆದರೆ ಪವರ್ ಸಪ್ಲೈ ಡಬ್ಬಿಯನ್ನು ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದು. ತಾಮ್ರದ ಆಸೆಗೆ ವೈರು ಸುಟ್ಟರೆ ಏಳುವುದು ವಿಷದ ಹೊಗೆ; ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವೂ ಇದೆ. ಯಾವುದಕ್ಕೂ ಬಾರದ್ದನ್ನು ತಿಪ್ಪೆಗೆ ಎಸೆಯದೆ, 2022ರ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತರಾದವರಿಗೆ ತಲುಪಿಸುವುದೇ ಸರಿ.