ಮುಖದ ಬೆವರು: ಯಾವುದು ಸಹಜ, ಯಾವುದು ರೋಗ?

ಐಗಳಿ (ಅಥಣಿ ತಾಲ್ಲೂಕು): ಬೇಸಿಗೆ ಬಂತೆಂದರೆ ಬೆಳಗಾವಿ ಜಿಲ್ಲೆಯ ಈ ಒಣ ಪ್ರದೇಶದಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ದ್ರಾಕ್ಷಿ ಕಟಾವು ಹಾಗೂ ಒಣದ್ರಾಕ್ಷಿ ತಯಾರಿಕೆಯ ಕಾಲವೂ ಅದೇ. ತೋಟದಲ್ಲಿ ದುಡಿಯುವವರ ಹಣೆಯಿಂದ ಬೆವರು ಧಾರೆಯಾಗಿ ಇಳಿಯುವುದು ಇಲ್ಲಿ ಯಾರಿಗೂ ವಿಶೇಷವಲ್ಲ. ಆದರೆ ಫ್ಯಾನಿನ ಕೆಳಗೆ ಕುಳಿತಾಗಲೂ, ಚಳಿಗಾಲದ ಬೆಳಿಗ್ಗೆಯೂ ಮುಖ ತೊಯ್ದು ಹೋಗುವವರಿದ್ದಾರೆ. ಉದ್ಯೋಗದ ಸಂದರ್ಶನವಿರಲಿ, ಮದುವೆ ಮಾತುಕತೆಯಿರಲಿ, ಕರವಸ್ತ್ರ ಬಿಡದ ಇವರು ಪಡುವ ಸಂಕೋಚ ಸಣ್ಣದಲ್ಲ. ಮೊದಲನೆಯದು ದೇಹದ ರಕ್ಷಣೆ. ಎರಡನೆಯದು ಚಿಕಿತ್ಸೆ ಇರುವ ತೊಂದರೆ. ಈ ವ್ಯತ್ಯಾಸ ಅರಿಯದೆ ಬೆವರು ನಿಲ್ಲಿಸಲು ಹೊರಡುವುದು ಅಪಾಯಕ್ಕೆ ದಾರಿ.

ಬೆವರುವುದೇಕೆ?

ಮನುಷ್ಯನ ಚರ್ಮದಲ್ಲಿ ಸುಮಾರು 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಹಣೆಯಲ್ಲಿ ಇವು ದಟ್ಟವಾಗಿರುತ್ತವೆ. ದೇಹದ ಉಷ್ಣತೆ ಏರಿದಾಗ ಮಿದುಳು ನರಗಳ ಮೂಲಕ ಸೂಚನೆ ಕಳುಹಿಸುತ್ತದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಗ್ರಂಥಿ ಸ್ರವಿಸುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಉಷ್ಣ ಹೊರಹೋಗುತ್ತದೆ. ರೊಟ್ಟಿಯ ಜೊತೆ ಕೆಂಪು ಖಾರ ತಿಂದಾಗ ಹಣೆ, ಮೂಗು ಬೆವರುವುದೂ ಸಹಜವೇ.

ರೋಗವಾಗುವುದು ಯಾವಾಗ?

ಸೆಕೆ, ಶ್ರಮ ಇಲ್ಲದೆಯೂ ಮುಖದ ಎರಡೂ ಬದಿ ಸಮನಾಗಿ ಬೆವರುವುದು, ವಾರಕ್ಕೊಮ್ಮೆಯಾದರೂ ಕಾಣಿಸಿಕೊಂಡು ಆರು ತಿಂಗಳು ಮುಂದುವರಿಯುವುದು, ನಿದ್ರೆಯಲ್ಲಿ ನಿಲ್ಲುವುದು, 25 ವರ್ಷದೊಳಗೆ ಆರಂಭವಾಗುವುದು, ಮನೆಯಲ್ಲಿ ಮತ್ತೊಬ್ಬರಿಗೂ ಇರುವುದು ಇವು ಪ್ರಾಥಮಿಕ ಹೈಪರ್‌ಹೈಡ್ರೋಸಿಸ್‌ನ ಲಕ್ಷಣಗಳು. ಇಲ್ಲಿ ಗ್ರಂಥಿಗಳಲ್ಲಿ ದೋಷವಿರುವುದಿಲ್ಲ. ಅವುಗಳಿಗೆ ಬರುವ ನರಗಳ ಸೂಚನೆಯೇ ಅತಿಯಾಗಿರುತ್ತದೆ.

ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದ ಬೆವರಿಗೆ ಥೈರಾಯ್ಡ್ ಅತಿ ಚಟುವಟಿಕೆ, ಮುಟ್ಟು ನಿಲ್ಲುವ ಕಾಲದ ಬದಲಾವಣೆ, ಕೆಲವು ಖಿನ್ನತೆ ನಿವಾರಕ ಮಾತ್ರೆಗಳು ಕಾರಣವಾಗಬಹುದು. ರಾತ್ರಿ ಬೆವರಿನ ಜೊತೆ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆ ಅಗತ್ಯ. ಮಧುಮೇಹಿಗಳಿಗೆ ನಡುಕ, ಹಸಿವಿನೊಂದಿಗೆ ಬೆವರು ಬಂದರೆ ರಕ್ತದ ಸಕ್ಕರೆ ಕುಸಿದಿರಬಹುದು. ಕೂಡಲೇ ಸಕ್ಕರೆ ಕೊಡಬೇಕು. ಎದೆನೋವಿನೊಂದಿಗೆ ತಣ್ಣನೆಯ ಬೆವರು ಹೃದಯಾಘಾತದ ಸೂಚನೆ. ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಚಿಕಿತ್ಸೆ ಏನು?

ಮೊದಲ ಹೆಜ್ಜೆ ಅಲ್ಯೂಮಿನಿಯಂ ಕ್ಲೋರೈಡ್ ಲೇಪನ. ರಾತ್ರಿ ಒಣಗಿದ ಚರ್ಮಕ್ಕೆ, ಕಣ್ಣಿಗೆ ತಾಗದಂತೆ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ಉರಿ ಬಂದರೆ ಅಂತರ ಹೆಚ್ಚಿಸಬೇಕು. ಗ್ಲೈಕೊಪೈರೊಲೇಟ್ ಲೇಪನವನ್ನೂ ವೈದ್ಯರು ಬಳಸುತ್ತಾರೆ. ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದಿನ ಪರಿಣಾಮ ಕೆಲವು ತಿಂಗಳು ಮಾತ್ರ. ಹಣೆಗೆ ಕೊಟ್ಟಾಗ ಹುಬ್ಬು ಜೋತುಬೀಳುವ ಸಾಧ್ಯತೆ ಇದೆ. ಎದೆಯೊಳಗಿನ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯ ನಂತರ ಬೆನ್ನು, ಹೊಟ್ಟೆ ವಿಪರೀತ ಬೆವರತೊಡಗಬಹುದು. ಆದ್ದರಿಂದ ಅದು ಕೊನೆಯ ಆಯ್ಕೆ.

ಮಾತ್ರೆಯ ಬಗ್ಗೆ ಎಚ್ಚರ

ಗ್ಲೈಕೊಪೈರೊಲೇಟ್, ಆಕ್ಸಿಬ್ಯುಟಿನಿನ್ ಮಾತ್ರೆಗಳು ಅಸಿಟೈಲ್‌ಕೋಲಿನ್‌ನ ಕೆಲಸವನ್ನು ಮುಖದಲ್ಲಷ್ಟೇ ಅಲ್ಲ, ಇಡೀ ದೇಹದಲ್ಲಿ ತಡೆಯುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಸಾಮಾನ್ಯ ಅಡ್ಡಪರಿಣಾಮಗಳು. ಕಣ್ಣಿನ ಒತ್ತಡ (ಗ್ಲಾಕೋಮಾ), ಪ್ರಾಸ್ಟೇಟ್ ತೊಂದರೆ ಇರುವವರಿಗೆ ಅಪಾಯ ಹೆಚ್ಚು. ಹವಾನಿಯಂತ್ರಿತ ಕಚೇರಿಯಲ್ಲಿ ಕೂರುವವರಿಗೆ ಹೊಂದಿದ ಮಾತ್ರೆ, 40 ಡಿಗ್ರಿ ಬಿಸಿಲಿನಲ್ಲಿ ದುಡಿಯುವವರಿಗೆ ಉಷ್ಣಾಘಾತ ತರಬಲ್ಲದು. ಬೆಂಗಳೂರಿನಲ್ಲಿ ಮಾತ್ರೆ ಆರಂಭಿಸಿ ಬೇಸಿಗೆಯಲ್ಲಿ ಊರಿಗೆ ಬಂದು ತೋಟಕ್ಕೆ ಇಳಿಯುವವರೂ ಇದನ್ನು ಮರೆಯಬಾರದು. ತಮ್ಮ ಕೆಲಸ ಬಿಸಿಲಿನದೋ ನೆರಳಿನದೋ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ದಿನನಿತ್ಯದಲ್ಲಿ

ಮುಖ ಉಜ್ಜದೆ ಹತ್ತಿ ಬಟ್ಟೆಯಿಂದ ಒತ್ತಿ ಒರೆಸುವುದು, ಖಾರ ಮತ್ತು ಚಹಾ ಮಿತಿಗೊಳಿಸುವುದು, ಬಿಸಿಲಿನ ಕೆಲಸವನ್ನು ಬೆಳಿಗ್ಗೆ, ಸಂಜೆಗೆ ಹಂಚಿಕೊಳ್ಳುವುದು ಸಹಕಾರಿ. ಬೆವರು ಕಡಿಮೆಯಾಗಲೆಂದು ನೀರು ಕುಡಿಯುವುದನ್ನು ಬಿಡುವುದು ತಪ್ಪು. ಬಿಸಿಲಿನಲ್ಲಿ ದುಡಿಯುವವರು ಮೈ ಕಾದು, ಮಾತು ತೊದಲಿ ಗೊಂದಲಕ್ಕೊಳಗಾದರೆ, ಬೆವರು ಇರಲಿ ನಿಂತಿರಲಿ, ಕೂಡಲೇ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ, ಆಸ್ಪತ್ರೆಗೆ ಸಾಗಿಸಬೇಕು.

ಮುಖದ ಬೆವರು ನಾಚಿಕೆಪಡುವ ವಿಷಯವಲ್ಲ. ಔಷಧ ಅಂಗಡಿಯಲ್ಲಿ ನೇರವಾಗಿ ಮಾತ್ರೆ ಕೇಳುವ ಬದಲು ಒಮ್ಮೆ ಚರ್ಮರೋಗ ತಜ್ಞರನ್ನು ಕಾಣುವುದು ಒಳಿತು.