ಒಂದೇ ಹೆಸರು, ಎರಡು ರೋಗ: ಕೃಷಿ ಜ್ಞಾನವನ್ನು ಮೂರು ಆಯಾಮಗಳಲ್ಲಿ ಜೋಡಿಸುವ ಬಗೆ

ಅಡಿಕೆ, ಕಾಫಿ ಎರಡನ್ನೂ ಬೆಳೆಯುವ ಮಲೆನಾಡಿನ ರೈತ ಬಾಂಧವರೊಬ್ಬರು ಅಂಗಡಿಗೆ ಹೋಗಿ "ಕೊಳೆರೋಗಕ್ಕೆ ಔಷಧಿ ಕೊಡಿ" ಎಂದರೆ ಅಂಗಡಿಯವರು ಯಾವುದನ್ನು ಕೊಡಬೇಕು? ಎರಡು ಬೆಳೆಗಳಲ್ಲಿಯೂ ಕೊಳೆರೋಗವೆಂಬ ಹೆಸರಿದೆ. ರೋಗ ಮಾತ್ರ ಒಂದೇ ಅಲ್ಲ. ಅಡಿಕೆಯ ಎಳೆಗಾಯಿ ಕೊಳೆತು ಉದುರುವುದು ಫೈಟಾಫ್ತೊರಾ ಎಂಬ ರೋಗಾಣುವಿನಿಂದ. ಕಾಫಿಯ ಎಲೆ ಕಪ್ಪಾಗಿ ಕೊಳೆತು ಬೂಷ್ಟಿನ ಎಳೆಯಲ್ಲಿ ಜೋತುಬೀಳುವುದು ಬೇರೊಂದು ಶಿಲೀಂಧ್ರದಿಂದ. ೧೮೭೬ರಲ್ಲಿ ಕುಕ್ ಎಂಬ ಆಂಗ್ಲ ವಿಜ್ಞಾನಿ ಈ ಎರಡನೆಯದಕ್ಕೆ ಹೆಸರಿಡುವಾಗ ನಮ್ಮ ಮಾತನ್ನೇ ಸೇರಿಸಿ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಎಂದು ಕರೆದನು. ಹೆಮ್ಮೆಯ ಸಂಗತಿಯೇ, ಆದರೆ ಗೊಂದಲವೂ ಜೊತೆಯಲ್ಲೇ ಹೋಯಿತು!

ಇನ್ನು ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನು ನೋಡಿ. ಅದರ ಶೀಘ್ರ ಸೊರಗು ರೋಗದ ಹೆಸರು ಬೇರೆ, ಲಕ್ಷಣ ಬೇರೆ. ಆದರೆ ರೋಗಾಣು ಫೈಟಾಫ್ತೊರಾ ಕುಲದ್ದೇ. ಒಂದೇ ಹೆಸರಿನವು ನೆಂಟರಲ್ಲ, ಬೇರೆ ಹೆಸರಿನವು ದಾಯಾದಿಗಳು. ಇದು ಪಂಡಿತರ ಚರ್ಚೆಗಷ್ಟೇ ಸೇರಿದ ವಿಷಯವಲ್ಲ. ಫೈಟಾಫ್ತೊರಾ ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರಿದ್ದಲ್ಲವಾದ್ದರಿಂದ ಕಾರ್ಬೆಂಡಜಿಮ್ ಅದಕ್ಕೆ ನಾಟದು, ಮೆಟಲಾಕ್ಸಿಲ್ ನಾಟುತ್ತದೆ. ಕಾಫಿಯ ಶಿಲೀಂಧ್ರಕ್ಕೆ ಮೆಟಲಾಕ್ಸಿಲ್‌ನಿಂದ ಪ್ರಯೋಜನವಿಲ್ಲ. ಶೇ. ೧ರ ಬೋರ್ಡೋ ದ್ರಾವಣವೊಂದು ಎರಡೂ ಕಡೆ ಸಲ್ಲುತ್ತದೆ. ತಪ್ಪು ಔಷಧಿ ಹೊಡೆದರೆ ಹಣದ ಜೊತೆಗೆ ಮಳೆಯ ನಡುವೆ ಸಿಕ್ಕ ಎರಡು ದಿನದ ಬಿಡುವೂ ಹೋಗುತ್ತದೆ.

ಆದುದರಿಂದಲೇ ತಜ್ಞರು ಹೆಸರುಗಳನ್ನು ಅಕಾರಾದಿಯಾಗಿ ಪಟ್ಟಿ ಮಾಡುವುದರಲ್ಲಿ ತೃಪ್ತರಾಗದೆ, ಒಂದೊಂದು ವಿಷಯಕ್ಕೂ ಮತ್ತೊಂದಕ್ಕೂ ಇರುವ ಸಂಬಂಧವನ್ನೇ ಬರೆದಿಡುತ್ತಾರೆ: ಇದು ಅದರ ಒಂದು ಬಗೆ, ಇದು ಅದಕ್ಕೆ ಕಾರಣ, ಇದು ಅದಕ್ಕೆ ಮದ್ದು. ಇಂಥ ಸಂಬಂಧಗಳ ಜಾಲಕ್ಕೆ 'ಆಂಟಾಲಜಿ' ಎಂದು ಹೆಸರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೧೯೮೦ರ ದಶಕದಲ್ಲಿ ಆರಂಭಿಸಿದ 'ಅಗ್ರೊವಾಕ್' ಪದಕೋಶ ಈ ಜಾತಿಯದು. ಅದರಲ್ಲಿ ಈಗ ೪೦,೦೦೦ಕ್ಕೂ ಮಿಕ್ಕ ಪರಿಕಲ್ಪನೆಗಳಿವೆ.

ಇಷ್ಟನ್ನು ಒಂದು ಹಾಳೆಯ ಮೇಲೆ ಬಿಡಿಸಿದರೆ ಗೆರೆಗಳು ಒಂದರ ಮೇಲೊಂದು ಹಾಯ್ದು ಸಿಕ್ಕಾಗುತ್ತವೆ. ೧೯೯೧ರಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದವರು ಗಣಕಯಂತ್ರದ ಪರದೆಯ ಮೇಲೆ 'ಶಂಕುವಿನ ಮರ'ವನ್ನು ತೋರಿಸಿದರು. ಬಿಚ್ಚಿದ ಕೊಡೆಯನ್ನು ನೆನೆಯಿರಿ. ತುದಿಯಲ್ಲಿ 'ಫೈಟಾಫ್ತೊರಾ', ಸುತ್ತಲಿನ ಒಂದೊಂದು ಕಡ್ಡಿಯ ಕೊನೆಗೆ ಅಡಿಕೆಯ ಕೊಳೆ, ಮೆಣಸಿನ ಸೊರಗು. ಕೊಡೆಯನ್ನು ತಿರುಗಿಸಿದರೆ ಬೇಕಾದ್ದು ಮುಂದೆ ಬರುತ್ತದೆ. ಬೆಳೆಗಳದೊಂದು ಕೊಡೆ, ರೋಗಾಣುಗಳದೊಂದು, ಔಷಧಿಗಳದೊಂದು ಎಂದು ಮೂರನ್ನು ಮೇಲೆ ಕೆಳಗೆ ತೂಗುಹಾಕಿ ನಡುವೆ ದಾರ ಕಟ್ಟಿರಿ. ಅಡಿಕೆಯಿಂದ ಇಳಿದ ದಾರ ಮೆಟಲಾಕ್ಸಿಲ್‌ಗೆ ಮುಟ್ಟುತ್ತದೆ. ಕಾಫಿಯದು ಅಲ್ಲಿಗೆ ಹೋಗುವುದಿಲ್ಲ. ಮೂರನೆಯ ಆಯಾಮದ ಲಾಭ ಇಲ್ಲಿದೆ. ಯುವಕ ಸಂಘದವರು ಹಳೆಯ ಕೊಡೆಗಳಿಂದ ಇದನ್ನು ಮಾಡಿ ನೋಡಬಹುದು.

ದೋಷವೂ ಉಂಟು. ಮುಂದಿನದು ಹಿಂದಿನದನ್ನು ಮರೆಮಾಡುತ್ತದೆ. ಕಡ್ಡಿಗಳು ಹೆಚ್ಚಾದಷ್ಟೂ ಚೀಟಿಗಳು ಒಂದಕ್ಕೊಂದು ತಾಗಿ ಓದಲಾಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ, ನೆಂಟಸ್ತಿಕೆ ತಿಳಿಯಲು ಕೊಡೆ ಒಳ್ಳೆಯದು. ಹೆಸರು ಗೊತ್ತಿದ್ದು ವಿವರ ಹುಡುಕುವವರಿಗೆ ಸಾದಾ ಪಟ್ಟಿಯೇ ಸಾಕು.

ಜಾಲ ಎಷ್ಟೇ ಚೆನ್ನಾಗಿದ್ದರೂ ಒಳಹೊಗಲು ಸರಿಯಾದ ದಾರದ ತುದಿ ಬೇಕಷ್ಟೆ. ಆದುದರಿಂದ ಸಲಹೆ ಕೇಳುವಾಗ 'ಕೊಳೆರೋಗ' ಎಂದಷ್ಟೇ ಬರೆಯದೆ ಬೆಳೆ ಯಾವುದು, ಕೊಳೆತದ್ದು ಎಲೆಯೋ ಕಾಯಿಯೋ ಬುಡವೋ, ಮಳೆ ಹಿಡಿದು ಎಷ್ಟು ದಿನವಾಗಿತ್ತು, ಹಿಂದೆ ಯಾವ ಔಷಧಿ ಹೊಡೆದಿರಿ ಎಂಬುದನ್ನು ತಿಳಿಸಿರಿ. ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದೆ ಒಣ ಕಾಗದದಲ್ಲಿ ಸುತ್ತಿ ತನ್ನಿರಿ.