ಏಪ್ರಿಲ್ ಹತ್ತರ ಚೀಟಿ

‘ಕೊಡೆಗೆ ಹೆಸರು ಬರೆಸಿರಿ.’

ಬೇಸಿಗೆ ರಜೆಯ ಸೂಚನಾ ಪತ್ರದಲ್ಲಿ ಇದು ಯಾವತ್ತೂ ಕೊನೆಯ ಸಾಲು. ಹೊರಗೆ ಹಂಚು ಕಾದು ಕೆಂಡವಾಗಿರುತ್ತಿತ್ತು, ಅಂಗಳದ ಕೆಂಪು ಹುಡಿ ಮೊಣಕಾಲಿನವರೆಗೆ ಮೆತ್ತಿಕೊಂಡಿರುತ್ತಿತ್ತು, ಬಾವಿಯಲ್ಲಿ ಕೊಡಪಾನ ತಳ ಮುಟ್ಟಿದ ಸದ್ದು ಕೇಳಿಸುತ್ತಿತ್ತು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಮಾತ್ರ ಆಗಲೇ ಜೂನ್ ತಿಂಗಳ ಮಳೆಗೆ ತಯಾರಾಗಿರುತ್ತಿದ್ದರು. ಕಪ್ಪು ಕೊಡೆಯ ಮೇಲೆ ಬಿಳಿ ಪೈಂಟಿನಲ್ಲಿ ಹೆಸರು, ತರಗತಿ. ಬರೆಸದೆ ಬಂದವನ ಕೊಡೆ ಜುಲೈ ಹೊತ್ತಿಗೆ ಬೇರೆ ಯಾರದೋ ಮನೆಯ ಚಾವಡಿಯಲ್ಲಿ ನೇತಾಡುತ್ತಿರುತ್ತಿತ್ತು.

ನಾನು ಓದಿದ್ದು ಮೂಡುಬಿದಿರೆಯಿಂದಾಚೆ, ಇಗರ್ಜಿಯ ಕಂಪೌಂಡಿಗೆ ತಾಗಿಕೊಂಡಿದ್ದ ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಬೋರ್ಡಿನಲ್ಲಿ ಒಬ್ಬ ಸಂತರ ಹೆಸರಿತ್ತು. ಊರವರ ಬಾಯಲ್ಲಿ ಅದು ‘ಪಾದ್ರಿ ಶಾಲೆ’. ನಮ್ಮ ಮನೆಮಾತು ತುಳು. ಬೆಂಚಿನಲ್ಲಿ ಪಕ್ಕದವನದ್ದು ಕೊಂಕಣಿ, ಹಿಂದಿನವನದ್ದು ಬ್ಯಾರಿ. ಚೀಟಿ ಮಾತ್ರ ಎಲ್ಲರಿಗೂ ಕನ್ನಡದಲ್ಲಿ ಬರುತ್ತಿತ್ತು. ಅಕ್ಷರ ಬಾರದ ಅಮ್ಮಂದಿರಿಗೆ ಅದನ್ನು ಓದಿ ಹೇಳುವುದು ಮಕ್ಕಳದೇ ಕೆಲಸ. ತಮಗೆ ಬೇಡದ ಸಾಲನ್ನು ಹಾರಿಸಿ ಓದುವ ವಿದ್ಯೆಯನ್ನು ನಾವೆಲ್ಲ ಅಲ್ಲಿಯೇ ಕಲಿತೆವು.

ಕರಾವಳಿಯ ಕೆಥೊಲಿಕ್ ಪ್ರಾಥಮಿಕ ಶಾಲೆ ಎಂದರೇನೆಂದು ಹೊರಗಿನವರು ಕೇಳಿದರೆ ಕಟ್ಟಡ ತೋರಿಸುವ ಬದಲು ಈ ಅರ್ಧ ಹಾಳೆಯ ಚೀಟಿಯನ್ನು ಕೈಗಿಟ್ಟರೆ ಸಾಕು ಎಂದು ನನಗೆ ಅನಿಸುತ್ತದೆ. ಈ ಶಾಲೆಗಳ ವರ್ಷ ನಡೆಯುವುದು ಮೂರು ಪಂಚಾಂಗಗಳ ಮೇಲೆ. ಒಂದು ಶಿಕ್ಷಣ ಇಲಾಖೆಯದ್ದು, ಒಂದು ಇಗರ್ಜಿಯದ್ದು, ಇನ್ನೊಂದು ಮಳೆಯದ್ದು. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಮೂರನ್ನೂ ಹೊಲಿದು ಒಂದು ಅಂಗಿ ಮಾಡುವುದು ಸಿಸ್ಟರ್ ಕೆಲಸ.

ಇಲಾಖೆಯ ಪಂಚಾಂಗ ಗಟ್ಟಿ. ಈಚಿನ ವರ್ಷಗಳಲ್ಲಿ ಮೇ 29ಕ್ಕೆ ಶಾಲೆ ತೆರೆಯುತ್ತದೆ, ದಸರೆಗೆ ಮೊದಲ ಅವಧಿ ಮುಗಿಯುತ್ತದೆ, ಏಪ್ರಿಲ್ 10ಕ್ಕೆ ಫಲಿತಾಂಶ, ಮರುದಿನದಿಂದ ಬೇಸಿಗೆ ರಜೆ. ಕರ್ನಾಟಕದಲ್ಲಿ ಓದಿದ ಯಾರಿಗಾದರೂ ‘ಏಪ್ರಿಲ್ ಹತ್ತು’ ಎಂದರೆ ಹೊಟ್ಟೆಯೊಳಗೆ ಸಣ್ಣಗೆ ಏನೋ ಕದಲುತ್ತದೆ. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ನಪಾಸಿನ ಹೆದರಿಕೆ ಬಹಳಷ್ಟು ಇಳಿದಿದೆ. ಆದರೂ ಆ ದಿನ ಬೆಳಿಗ್ಗೆ ಮಕ್ಕಳು ಎಣ್ಣೆ ಹಾಕಿ ತಲೆ ಬಾಚಿಕೊಂಡೇ ಬರುತ್ತಾರೆ.

ಇಗರ್ಜಿಯ ಪಂಚಾಂಗಕ್ಕೆ ಚಂದ್ರನ ಲೆಕ್ಕವಿದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ಹಾಗಾಗಿ ಅದು ಒಂದು ಕಡೆ ನಿಲ್ಲುವುದಿಲ್ಲ. 2024ರಲ್ಲಿ ಮಾರ್ಚ್ 31ಕ್ಕೆ ಬಂದು ವಾರ್ಷಿಕ ಪರೀಕ್ಷೆಯ ಬಿಸಿಯ ನಡುವೆ ಕೂತುಬಿಟ್ಟಿತು. 2025ರಲ್ಲಿ ಏಪ್ರಿಲ್ 20. ಅಷ್ಟರಲ್ಲಿ ಮಕ್ಕಳು ಅಜ್ಜಿಮನೆಯ ಮಾವಿನ ಮರದಲ್ಲಿದ್ದರು. ಬೇಗ ಬಂದ ವರ್ಷ ಚೀಟಿಯಲ್ಲಿ ಗರಿಗಳ ಭಾನುವಾರ, ಗುಡ್ ಫ್ರೈಡೇ, ಗಣಿತ ಪರೀಕ್ಷೆ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ. ಪವಿತ್ರ ಗುರುವಾರದ ಪೂಜೆಯ ನಂತರ ಈಸ್ಟರ್ ಜಾಗರಣೆಯ ತನಕ ಇಗರ್ಜಿಯ ಗಂಟೆ ಹೊಡೆಯುವುದಿಲ್ಲ. ಗಂಟೆಯ ಬದಲು ಮರದ ಗಿಲಕಿ. ಮಧ್ಯಾಹ್ನ ಹನ್ನೆರಡರ ಇಗರ್ಜಿ ಗಂಟೆ ಕೇಳಿ ಗದ್ದೆಯಿಂದ ಮೇಲೆ ಹತ್ತುವ ನಮ್ಮೂರಿನವರಿಗೆ ಆ ಎರಡು ದಿನ ಊಟದ ಹೊತ್ತು ತಪ್ಪುತ್ತಿತ್ತು. ಅವರಲ್ಲಿ ಹೆಚ್ಚಿನವರು ಇಗರ್ಜಿಯ ಒಳಗೆ ಕಾಲಿಟ್ಟವರೇ ಅಲ್ಲ.

ಇನ್ನು ಮಳೆ. ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಮಕ್ಕಳಿಗೆ ಆ ದಿನಗಳಲ್ಲಿ ಜಿಲ್ಲಾಧಿಕಾರಿಯಷ್ಟು ಪ್ರಿಯರಾದವರು ಬೇರೆ ಇಲ್ಲ. ಆ ರಜೆಯ ಸಾಲವನ್ನು ಶನಿವಾರದ ಮಧ್ಯಾಹ್ನಗಳಲ್ಲಿ ತೀರಿಸಬೇಕಾಗುತ್ತದೆ ಎಂಬುದು ತಿಳಿಯುವುದು ಆಮೇಲೆ, ಚೀಟಿ ಬಂದಾಗ.

ಇಲಾಖೆಯ ಮತ್ತು ಇಗರ್ಜಿಯ ಪಂಚಾಂಗಗಳು ಗುದ್ದಾಡಿಕೊಳ್ಳುವುದು ದಸರೆ ಮತ್ತು ಕ್ರಿಸ್‌ಮಸ್ ನಡುವೆ. ಸರ್ಕಾರಿ ಪಟ್ಟಿಯಲ್ಲಿ ಕ್ರಿಸ್‌ಮಸ್‌ಗೆ ಇರುವುದು ಒಂದೇ ದಿನ, ಡಿಸೆಂಬರ್ 25. ಇಗರ್ಜಿ ಶಾಲೆಗಳಿಗೆ ಅದು ಸಾಲದು. ಇಲಾಖೆಯ ಸುತ್ತೋಲೆಯಲ್ಲೇ ಇದಕ್ಕೊಂದು ಕಿಂಡಿ ಉಂಟು: ಕ್ರೈಸ್ತ ಆಡಳಿತದ ಶಾಲೆಗಳು ಉಪನಿರ್ದೇಶಕರಿಗೆ ಮನವಿ ಕೊಟ್ಟರೆ, ಅಕ್ಟೋಬರ್ ರಜೆಯಲ್ಲಿ ಕೆಲವು ದಿನ ಕಡಿತ ಮಾಡಿ ಅದನ್ನು ಡಿಸೆಂಬರ್‌ಗೆ ಸರಿದೂಗಿಸಿಕೊಳ್ಳಬಹುದು. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಮಂಗಳೂರು ಸೀಮೆಯಲ್ಲಿ ದಸರೆ ಎಂದರೆ ಶಾರದೆಯ ಮೆರವಣಿಗೆ, ಹುಲಿವೇಷ, ಕುದ್ರೋಳಿ ದೇವಸ್ಥಾನದ ದೀಪ. ಪಕ್ಕದ ಸರ್ಕಾರಿ ಶಾಲೆಯ ಹುಡುಗ ಹುಲಿವೇಷದ ತಾಸೆಯ ಹಿಂದೆ ಓಡುತ್ತಿರುವಾಗ ಇವನು ಭಾಗಾಕಾರ ಮಾಡುತ್ತಾ ಕೂರಬೇಕು. ಈ ವಿಷಯದಲ್ಲಿ ಆಗೊಮ್ಮೆ ಈಗೊಮ್ಮೆ ಜಿಲ್ಲೆಯಲ್ಲಿ ಗದ್ದಲ ಎದ್ದಿದೆ, ಮನವಿಗಳು ಹೋಗಿವೆ, ಪತ್ರಿಕೆಗಳಲ್ಲಿ ಬಂದಿದೆ. ಗದ್ದಲ ಮಾಡಿದವರ ಬೇಸರ ನನಗೆ ಅರ್ಥವಾಗುತ್ತದೆ. ನಾನೂ ಆ ಭಾಗಾಕಾರ ಮಾಡಿದವನೇ. ಆದರೆ ಡಿಸೆಂಬರ್‌ನಲ್ಲಿ, ಬೇರೆ ಶಾಲೆಯವರೆಲ್ಲ ಚೀಲ ಹೊತ್ತು ಹೋಗುವಾಗ, ನಾನು ಕಟ್ಟೆಯ ಮೇಲೆ ಕೂತು ಕಾಲು ಆಡಿಸಿದ ಸುಖವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ಡಿಸೆಂಬರ್‌ನ ಚೀಟಿಗೆ ಬೇರೆಯೇ ರುಚಿ. ಅರ್ಧವಾರ್ಷಿಕದ ಅಂಕ, ಬಾಕಿ ಉಳಿದ ವಾಹನ ಶುಲ್ಕ ಇವೆಲ್ಲ ಮೇಲಿರುತ್ತವೆ. ಕೆಳಗೆ ‘ಗೋದಲಿಗೆ ಬೇಕಾದ ಹುಲ್ಲು ತರುವವರು ಹೆಸರು ಕೊಡಿರಿ’. ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿಗೆ ಇಲ್ಲಿ ಗೋದಲಿ ಎನ್ನುತ್ತಾರೆ. ಬೈಹುಲ್ಲು ಇರುವುದು ಗದ್ದೆ, ಹಟ್ಟಿ ಇದ್ದವರ ಮನೆಯಲ್ಲಿ. ಹಾಗಾಗಿ ಹೆಸರು ಕೊಡುವವರಲ್ಲಿ ಶೆಟ್ಟಿ, ಪೂಜಾರಿ, ಆಚಾರಿ ಮಕ್ಕಳೇ ಹೆಚ್ಚು. ಹಬ್ಬಕ್ಕೆ ಹತ್ತು ದಿನ ಮೊದಲು ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ರಾಗಿ ಬಿತ್ತುತ್ತಿದ್ದೆವು. ಕ್ರಿಸ್‌ಮಸ್ ಹೊತ್ತಿಗೆ ಬೆರಳುದ್ದ ಪೈರು ಎದ್ದು, ಬೆತ್ಲೆಹೆಮಿನಲ್ಲಿ ರಾಗಿ ಹೊಲ ತಯಾರು. ಮಣ್ಣಿನ ಕುರುಬನ ಪಕ್ಕ ಯಾರೋ ಒಂದು ಪ್ಲಾಸ್ಟಿಕ್ ಆನೆ ಇಟ್ಟಿದ್ದರು. ಸಿಸ್ಟರ್ ಅದನ್ನು ನೋಡಿದರು, ಏನೂ ಹೇಳಲಿಲ್ಲ, ಸ್ವಲ್ಪ ಹಿಂದಕ್ಕೆ ಸರಿಸಿದರು ಅಷ್ಟೇ. ರಜೆ ಶುರುವಾದ ಮೇಲೆ ನೆರೆಮನೆಯ ಬಾಯಮ್ಮ ತಟ್ಟೆಗೆ ಬಟ್ಟೆ ಮುಚ್ಚಿ ಕುಸ್ವಾರ್ ಎಂಬ ಹಬ್ಬದ ತಿಂಡಿ ಕಳಿಸುತ್ತಿದ್ದರು: ಕಿಡಿಯೊ, ನೆವ್ರಿ, ಗುಳಿಯೊ, ಕಲ್ಲಿನಂಥ ಅಕ್ಕಿ ಲಾಡು. ತಟ್ಟೆಯನ್ನು ಖಾಲಿ ಮರಳಿಸಬಾರದು ಎಂದು ಅಮ್ಮ ಎರಡು ತೆಂಗಿನಕಾಯಿ ಇಡುತ್ತಿದ್ದರು.

ಸೆಪ್ಟೆಂಬರ್ 8ರದ್ದೂ ಒಂದು ಮಾತು ಹೇಳಬೇಕು. ಸರ್ಕಾರದ ಪರಿಮಿತ ರಜೆಗಳ ಪಟ್ಟಿಯಲ್ಲಿ ಅದು ‘ಕನ್ಯಾ ಮರಿಯಮ್ಮ ಜಯಂತಿ’. ಜನ ಕರೆಯುವುದು ಮೊಂತಿ ಫೆಸ್ತ್, ತುಳುವಿನಲ್ಲಿ ಕುರಲ್ ಪರ್ಬ. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಶಾಲೆಯ ಸುತ್ತಲಿನ ಯಾವ ಬೇಲಿಯಲ್ಲೂ ಆ ದಿನಗಳಲ್ಲಿ ದಾಸವಾಳ ಉಳಿಯುವುದಿಲ್ಲ. ಹಬ್ಬದ ದಿನ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಮಕ್ಕಳ ಕೈಗೆ ಕಬ್ಬು. ನಮ್ಮ ಮನೆಯಲ್ಲೂ ತೆನೆ ತಂದು ಕಟ್ಟುವ ದಿನ, ಹೊಸ ಅಕ್ಕಿ ಊಟದ ದಿನ ಇತ್ತು. ಆದ್ದರಿಂದ ಈ ಹಬ್ಬವನ್ನು ನನಗೆ ಯಾರೂ ವಿವರಿಸಬೇಕಾಗಿ ಬರಲಿಲ್ಲ.

ಈ ಶಾಲೆಗಳು ಬಂದ ದಾರಿ ಉದ್ದ. ಫ್ರಾನ್ಸಿನಿಂದ ಹೊರಟ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಮೂವರು ಭಗಿನಿಯರು 1870ರ ನವೆಂಬರ್‌ನಲ್ಲಿ ಮಂಗಳೂರಿಗೆ ಬಂದಿಳಿದರು; ಸೈಂಟ್ ಆ್ಯನ್ಸ್‌ನಲ್ಲಿ ಹೆಣ್ಣುಮಕ್ಕಳ ಓದು ಶುರುವಾಯಿತು. 1878ರ ಕೊನೆಯ ದಿನ ಇಟಲಿಯ ಜೆಸ್ವಿತರು ಬಂದರು, 1880ರಲ್ಲಿ ಸೈಂಟ್ ಅಲೋಶಿಯಸ್ ಕಾಲೇಜು ಕಟ್ಟಿದರು. ಇವು ಪಟ್ಟಣದ ಕತೆ, ಎಲ್ಲರಿಗೂ ಗೊತ್ತಿರುವುದು. ಹಳ್ಳಿಯ ಕತೆಗೆ ಬೇರೆ ಹೆಸರುಗಳು ಬೇಕು. 1887ರಲ್ಲಿ ಅರ್ಬನ್ ಸ್ಟೈನ್ ಎಂಬ ಜೆಸ್ವಿತ್ ಗುರುಗಳು ಸ್ಥಳೀಯ ಹೆಣ್ಣುಮಕ್ಕಳನ್ನೇ ಸೇರಿಸಿ ಹುಟ್ಟುಹಾಕಿದ ಅರ್ಸುಲೈನ್ ಫ್ರಾನ್ಸಿಸ್ಕನ್ ಸಂಸ್ಥೆ. 1921ರ ಜುಲೈ 16ರಂದು ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ನಾಲ್ವರು ಯುವತಿಯರೊಂದಿಗೆ ಆರಂಭಿಸಿದ ಬೆಥನಿ ಸಂಸ್ಥೆ. ಬಸ್ಸು ಹೋಗದ ಊರುಗಳಿಗೆ ನಡೆದು ಹೋಗಿ ಕನ್ನಡ ವರ್ಣಮಾಲೆ ಕಲಿಸಿದವರು ಇಂಥವರು. ಮನೆಯಲ್ಲಿ ಕೊಂಕಣಿ ಆಡುವ ಸಿಸ್ಟರ್, ತುಳು ಆಡುವ ಮಕ್ಕಳಿಗೆ ಕನ್ನಡ ಕಲಿಸಿದ್ದು. ನನ್ನ ಕನ್ನಡ ಪುಸ್ತಕದ ಕನ್ನಡದ ಹಾಗಿದೆ ಎಂದು ಬೆಂಗಳೂರಿನ ಗೆಳೆಯರು ನಗುವುದುಂಟು. ಕಾರಣ ಇಷ್ಟೇ: ಕಲಿಸಿದವರಿಗೂ ಕಲಿತವರಿಗೂ ಅದು ಪುಸ್ತಕದಿಂದಲೇ ಬಂದದ್ದು.

ಆಡಳಿತದ ಏರ್ಪಾಡು ಸರಳ. ಇಗರ್ಜಿಯ ವಿಗಾರರೇ ಶಾಲೆಯ ಸಂಚಾಲಕರು. ಮೇಲೆ ಧರ್ಮಪ್ರಾಂತ್ಯದ ಕೆಥೊಲಿಕ್ ಶಿಕ್ಷಣ ಮಂಡಳಿ. ಅನುದಾನಿತ ಶಾಲೆಯಾದರೆ ಶಿಕ್ಷಕರ ಸಂಬಳ ಸರ್ಕಾರದ್ದು, ಹಂಚು ಒಡೆದರೆ ಖರ್ಚು ಆಡಳಿತದ್ದು. ಕೆಥೊಲಿಕ್ ಮಕ್ಕಳಿಗೆ ಕ್ರೈಸ್ತ ಶಿಕ್ಷಣದ ತರಗತಿ ಇದ್ದಾಗ ಉಳಿದವರಿಗೆ ನೀತಿಪಾಠ. ನೀತಿಪಾಠದಲ್ಲಿ ಕತೆ ಹೇಳುತ್ತಿದ್ದರು, ಹಾಗಾಗಿ ಆಚೆ ಕೋಣೆಯವರು ನಮ್ಮನ್ನು ಕಂಡು ಕರುಬುತ್ತಿದ್ದರು.

ಕಳೆದ ಏಪ್ರಿಲ್ ಹತ್ತಕ್ಕೆ ಆ ಕಡೆ ಕೆಲಸವಿತ್ತು, ಶಾಲೆಯ ಗೇಟು ತೆರೆದಿತ್ತು, ಒಳಹೊಕ್ಕೆ. ಅಮ್ಮಂದಿರು ಜಗಲಿಯಲ್ಲಿ ಸಾಲು ನಿಂತಿದ್ದರು. ಒಳಗೆ ಪ್ರಗತಿ ಪತ್ರ, ಏಳನೆಯವರಿಗೆ ಟಿ.ಸಿ. ಹಿಂದಿನ ಶೆಡ್ಡಿನಲ್ಲಿ ಬಿಸಿಯೂಟದ ಅಕ್ಕಂದಿರಿಬ್ಬರು ದೊಡ್ಡ ಅನ್ನದ ಪಾತ್ರೆಯನ್ನು ಬೂದಿ, ತೆಂಗಿನ ಸಿಪ್ಪೆ ಹಾಕಿ ತಿಕ್ಕುತ್ತಿದ್ದರು. ಒಬ್ಬರು ಪಾತ್ರೆಯೊಳಗೆ ಸೊಂಟದವರೆಗೆ ಬಗ್ಗಿದ್ದರು, ಮಾತು ಒಳಗಿಂದ ಗುಂಯ್‌ಗುಟ್ಟುತ್ತಾ ಬರುತ್ತಿತ್ತು. ತೊಳೆದ ಪಾತ್ರೆಗಳು ಬಿಸಿಲಿಗೆ ಬೋರಲು. ಇನ್ನು ಅವು ಮೇ ಕೊನೆಗೇ ಎದ್ದು ಕೂರುವುದು.

ಈಗ ಚೀಟಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಆದರೂ ಸಿಸ್ಟರ್ ಕೆಲವು ಪ್ರತಿ ಪ್ರಿಂಟ್ ತೆಗೆಸಿ ಇಟ್ಟಿದ್ದರು. ‘ಫೋನ್ ಅಪ್ಪನ ಕಿಸೆಯಲ್ಲಿ, ಅಪ್ಪ ಕೆಲಸದಲ್ಲಿ. ಓದುವವರು ಯಾರು ಹೇಳಿ?’ ಎಂದರು. ಒಂದು ಪ್ರತಿ ನನಗೂ ಸಿಕ್ಕಿತು. ಹೊಳೆ, ಕೆರೆ, ಕಲ್ಲುಕೋರೆಯ ನೀರಿಗೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ದಿನಕ್ಕೊಂದು ಪುಟ ಕಾಪಿ ಬರೆಸಿ. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳು ತರಬೇತಿ ತಪ್ಪಿಸಬಾರದು. ಗೇರುಬೀಜ ಹೆಕ್ಕುವ ಮಕ್ಕಳ ಬಗ್ಗೆ ಮಾತ್ರ ಏನೂ ಇರಲಿಲ್ಲ. ನಮ್ಮ ಕಾಲದಲ್ಲಿ ಸೊನೆ ತಾಗಿ ಸುಟ್ಟ ತುಟಿಗಳ ಲೆಕ್ಕವಿಲ್ಲ. ಮಧ್ಯದಲ್ಲಿ ದಪ್ಪ ಅಕ್ಷರದಲ್ಲಿ ಹೊಸ ಸಾಲೊಂದಿತ್ತು: ‘ಒಂದನೇ ತರಗತಿಗೆ ದಾಖಲಾತಿ ಆರಂಭವಾಗಿದೆ. ನೆರೆಮನೆಯವರಿಗೆ ತಿಳಿಸಿರಿ.’

ನಮ್ಮ ಕಾಲದಲ್ಲಿ ಈ ಸಾಲು ಬೇಕಾಗಿರಲಿಲ್ಲ. ಈಗ ಏಳನೆಯವರಲ್ಲದೆ ಮೂರನೆಯವರೂ ಟಿ.ಸಿ. ಕೇಳುತ್ತಾರೆ; ಹಳದಿ ವ್ಯಾನು ಮನೆ ಬಾಗಿಲಿಗೇ ಬರುತ್ತದೆ, ಇಂಗ್ಲಿಷ್ ಮಾಧ್ಯಮಕ್ಕೆ ಕರೆದೊಯ್ಯುತ್ತದೆ. ಆ ವ್ಯಾನುಗಳಲ್ಲಿ ಕೆಲವು ಇನ್ನೊಂದು ಇಗರ್ಜಿಯ ಇಂಗ್ಲಿಷ್ ಶಾಲೆಯವೇ. ನಿವೃತ್ತರಾದ ಶಿಕ್ಷಕರ ಜಾಗಕ್ಕೆ ಅನುದಾನಿತ ನೇಮಕಾತಿ ಸುಲಭಕ್ಕೆ ಆಗುವುದಿಲ್ಲ. ಗೌರವ ಶಿಕ್ಷಕಿಯರ ಸಂಬಳಕ್ಕೆ ಹಳೆ ವಿದ್ಯಾರ್ಥಿಗಳ ಮುಂದೆ ಕೈಚಾಚಬೇಕು. ನನ್ನ ಮುಂದೆಯೂ ಒಂದು ರಸೀದಿ ಪುಸ್ತಕ ಬಂತು. ಕನ್ನಡ ಶಾಲೆ ಉಳಿಯಬೇಕು ಎಂದು ಲೇಖನ ಬರೆಯುವ ನಾನು ನನ್ನ ಮಕ್ಕಳನ್ನು ಎಲ್ಲಿಗೆ ಕಳಿಸಿದೆ ಎಂದು ಸಿಸ್ಟರ್ ಕೇಳಲಿಲ್ಲ. ರಸೀದಿಗೆ ಕೊಂಚ ದೊಡ್ಡ ಮೊತ್ತವನ್ನೇ ಬರೆದೆ.

ಸಿಸ್ಟರ್‌ಗೂ ಈ ಬೇಸಿಗೆಯಲ್ಲಿ ವರ್ಗಾವಣೆ ಬರಬಹುದಂತೆ. ಬಂದರೆ ಎಲ್ಲಿಗೆ ಎಂದು ಗೊತ್ತಿಲ್ಲ, ಒಂದು ಟ್ರಂಕು, ಒಂದು ಚೀಲ. ‘ಮಕ್ಕಳಿಗೆ ಹೇಳಿಲ್ಲ. ರಜೆ ಹಾಳು ಮಾಡುವುದು ಯಾಕೆ?’ ಎಂದರು.

ಚೀಟಿಯ ಕೊನೆಗೆ ಬಂದಾಗ ನನಗೆ ನಗು ಬಂತು. ಸಾಲು ಹಾಗೇ ಇತ್ತು, ಒಂದಕ್ಷರ ಆಚೀಚೆ ಇಲ್ಲ.

‘ಇದು ಇನ್ನೂ ಉಂಟಾ ಸಿಸ್ಟರ್? ಈಗೆಲ್ಲ ಮಡಚುವ ಕೊಡೆಗಳಲ್ಲವಾ?’

ಅವರು ಎದ್ದು ಮೂಲೆಯ ಕಪಾಟು ತೆರೆದರು. ನೀರಿನ ಬಾಟಲಿ, ಟಿಫಿನ್ ಮುಚ್ಚಳ, ಜೋಡಿಯಿಲ್ಲದ ಒಂದು ಶೂ. ಕೆಳಗಿನ ಎರಡು ಅಟ್ಟದಲ್ಲಿ ಬರೀ ಕೊಡೆಗಳು. ಹೂವಿನವು, ಕಾರ್ಟೂನಿನವು, ಕಡ್ಡಿ ಮುರಿದವು. ಯಾವುದಕ್ಕೂ ಹೆಸರಿಲ್ಲ.

ಹೊರಡುವ ಹೊತ್ತಿಗೆ ಮೂಡಣದ ಕಡೆ ಕಪ್ಪಾಗಿ, ಒಮ್ಮೆ ಗುಡುಗಿತು. ಏಪ್ರಿಲ್‌ನ ಮಳೆ, ನಂಬುವ ಹಾಗಿಲ್ಲ. ಸಿಸ್ಟರ್ ಕಪಾಟಿನಿಂದ ಒಂದು ಗುಲಾಬಿ ಬಣ್ಣದ ಕೊಡೆ ತೆಗೆದು ಎರಡು ಸಲ ಬಿಚ್ಚಿ ಮುಚ್ಚಿ ನೋಡಿ ನನ್ನ ಕೈಗಿಟ್ಟರು.

‘ಮೇ 29ಕ್ಕೆ ತಂದು ಕೊಡಿ’ ಎಂದರು. ‘ಅಷ್ಟರಲ್ಲಿ ಇದಕ್ಕೊಂದು ಹೆಸರು ಬರೆಸಿ.’